ಮಾವನ ವಾಲ್ವ್ ರೇಡಿಯೊ: ಏನು ಬದಲಿಸಿದೆ, ಏನು ಬಿಟ್ಟೆ

ಸೋಮವಾರಪೇಟೆ ಮನೆಯ ಅಟ್ಟದಿಂದ ಮಾವನ ಶಾರ್ಟ್‌ವೇವ್ ರೇಡಿಯೊ ಇಳಿಸಿದಾಗ ಒಳಗೆಲ್ಲ ಜಿರಲೆ ಮೊಟ್ಟೆ, ಎಷ್ಟೋ ಮಳೆಗಾಲದ ಮುಗ್ಗಲು ವಾಸನೆ. ನೇರ ಪ್ಲಗ್ ಚುಚ್ಚಲಿಲ್ಲ. ಒಳಗೆ ಶಾರ್ಟ್ ಇದ್ದರೆ ಕರೆಂಟ್ ಮಿತಿಯಲ್ಲಿರಲಿ ಅಂತ ಸೀರೀಸ್‌ನಲ್ಲಿ, ಅಂದರೆ ಕರೆಂಟ್ ಬಲ್ಬ್ ದಾಟಿಯೇ ರೇಡಿಯೊಗೆ ಹೋಗುವಂತೆ, 100 ವ್ಯಾಟಿನ ಬಲ್ಬ್ ಹಾಕಿದೆ. ಅದು ಒಮ್ಮೆ ಮಿಂಚಿ ಮಂಕಾಯಿತು, ಸದ್ಯ ಶಾರ್ಟ್ ಇಲ್ಲ. ಆಮೇಲೆ ನೇರ ಕರೆಂಟ್ ಕೊಟ್ಟರೆ ಸ್ಟೇಷನ್ ಸಿಕ್ಕಿತು, ಆದರೆ ಗುಂಯ್ ಅನ್ನುವ ಸದ್ದು, ಮಾತೆಲ್ಲ ಹರಿದ ಹಾಗೆ.

ಗೊತ್ತಿದ್ದ ಮೆಕ್ಯಾನಿಕ್ ಒಬ್ಬರು 'ಎಲ್ಲ ಕಿತ್ತು ಹೊಸದು ಹಾಕಿಬಿಡಿ' ಅಂದರು. ನನಗೆ ಮನಸ್ಸಾಗಲಿಲ್ಲ.

ಮೀಟರ್ ಹಿಡಿದೆ. ಸ್ಪೀಕರ್ ನಡೆಸುವ ಔಟ್‌ಪುಟ್ ವಾಲ್ವ್ (ಗಾಜಿನ ಕೊಳವೆ) ಇಎಲ್84. ಅದರ ಗ್ರಿಡ್‌ನಲ್ಲಿ, ಅಂದರೆ ಸಿಗ್ನಲ್ ಒಳಬರುವ ಕಡೆ, ಸೊನ್ನೆ ವೋಲ್ಟ್ ಇರಬೇಕು, ಇದ್ದದ್ದು 9! ಗ್ರಿಡ್‌ಗೆ ಮುಂಚೆ ಇರುವ ಪೇಪರ್ ಕೆಪಾಸಿಟರ್ ಸಿಗ್ನಲ್ ಮಾತ್ರ ಬಿಟ್ಟು ಡಿಸಿ ವೋಲ್ಟೇಜ್ ತಡೆಯಬೇಕು, ಇದು ತೇವ ಹೀರಿ ಡಿಸಿ ಸೋರಿಸುತ್ತಿತ್ತು. ಮೇಲಿನ ಮೇಣ ಬಿರಿದು ಜೇನಿನ ಹಾಗೆ ಚಾಸಿಗೆ (ಲೋಹದ ತಳಕ್ಕೆ) ಅಂಟಿತ್ತು. ಹಾಗೇ ಬಿಟ್ಟಿದ್ದರೆ ವಾಲ್ವ್ ಕಾದು ಕೆಂಪಾಗಿ ಹಾಳಾಗುತ್ತಿತ್ತು, ಟ್ರಾನ್ಸ್‌ಫಾರ್ಮರೂ ಹೋಗಬಹುದಿತ್ತು. 0.01 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಯೆಸ್ಟರ್ ಹಾಕಿದೆ. ಗ್ರಿಡ್ ಸೊನ್ನೆಗೆ ಬಂತು, ಮಾತು ತಿಳಿಯಾಯಿತು. ಉಳಿದ ಪೇಪರ್ ಕೆಪಾಸಿಟರ್‌ಗಳನ್ನೂ ನಂಬದೆ ತೆಗೆದೆ. ಗುಂಯ್ ಸದ್ದಿಗೆ ಕಾರಣ ಡಿಸಿ ಏರಿಳಿತ ಸಮ ಮಾಡುವ ಫಿಲ್ಟರ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿದ್ದು, ಅಲ್ಲಿ 47 ಮೈಕ್ರೋಫ್ಯಾರಡ್, 450 ವೋಲ್ಟಿನ ಹೊಸವು ಹಾಕಿದೆ. (ಮುಟ್ಟುವ ಮುನ್ನ ಪ್ಲಗ್ ಕಿತ್ತು ರೆಸಿಸ್ಟರ್ ಮೂಲಕ ಚಾರ್ಜ್ ಇಳಿಸಿ. ನಾನೊಮ್ಮೆ ಮರೆತು ಸ್ಟೂಲಿಂದ ಬಿದ್ದಿದ್ದೇನೆ.)

ಮೈಕಾ, ಸೆರಾಮಿಕ್ ಕೆಪಾಸಿಟರ್, ವಾಲ್ವ್‌ಗಳು ಹಾಗೇ ಇವೆ. ಐಎಫ್ ಟ್ರಿಮ್ಮರ್‌ಗಳ (ಒಳಗಿನ ಟ್ಯೂನಿಂಗ್ ಹೊಂದಿಸುವ ತಿರುಪುಗಳ) ಹತ್ತಿರ ಸ್ಕ್ರೂಡ್ರೈವರ್ ಒಯ್ಯಲೇ ಇಲ್ಲ. ಈಗ ರಾತ್ರಿ ಹೊತ್ತು 31 ಮೀಟರ್ ಬ್ಯಾಂಡ್‌ನಲ್ಲಿ ಯಾವ್ಯಾವುದೋ ಭಾಷೆ ಬರುತ್ತದೆ. ಅತ್ತೆ ಮಾತ್ರ 'ಕನ್ನಡ ಎಲ್ಲಿ?' ಅಂತಾರೆ.