ರಾಗವಿಲ್ಲದ ಆಲ್ಬಮ್ಮಿಗೆ ವಿಮರ್ಶೆ ಬರೆಯುವ ಬಗೆ

ಧಾರವಾಡದಲ್ಲಿ ಸಂಗೀತದ ಬಗ್ಗೆ ಬರೆಯುವವರಿಗೆ ಅಳತೆಗೋಲು ಮೊದಲೇ ಕೈಯಲ್ಲಿರುತ್ತದೆ. ಗಾಯಕರು ಯಾವ ರಾಗವನ್ನು ಎತ್ತಿಕೊಂಡರು, ವಿಲಂಬಿತದಲ್ಲಿ ಅದನ್ನು ಎಷ್ಟು ತಾಳ್ಮೆಯಿಂದ ಬೆಳೆಸಿದರು, ತಾನಗಳು ಸ್ವಚ್ಛವಾಗಿದ್ದವೇ, ಸಮಕ್ಕೆ ಬಂದ ರೀತಿ ಹೇಗಿತ್ತು ಎಂದು ಬರೆದರೆ, ಬೈಠಕ್ಕಿಗೆ ಬಾರದ ಓದುಗರಿಗೂ ಅಲ್ಲಿ ನಡೆದದ್ದರ ಅಂದಾಜು ಸಿಗುತ್ತದೆ. ಆದರೆ ರಾಗವಿಲ್ಲದ, ತಾಳವಿಲ್ಲದ, ಸಾಹಿತ್ಯವಿಲ್ಲದ, ಒಂದೇ ಸ್ವರ 40 ನಿಮಿಷ ನಿಂತಿರುವ ಆಲ್ಬಮ್ ಎದುರಿಗೆ ಬಂದಾಗ ಅದೇ ಲೇಖಕರು ‘ಮನಸ್ಸಿಗೆ ಶಾಂತಿ ಕೊಡುತ್ತದೆ’ ಎಂದೋ ‘ವಿಚಿತ್ರವಾಗಿದೆ’ ಎಂದೋ ಬರೆದು ಮುಗಿಸುತ್ತಾರೆ. ಈ ಎರಡು ಮಾತುಗಳಿಂದ ಕೇಳಿದವರ ಮನಸ್ಥಿತಿ ತಿಳಿಯುತ್ತದೆ, ಆಲ್ಬಮ್ಮಿನಲ್ಲಿ ಏನಿದೆ ಎಂಬುದು ತಿಳಿಯುವುದಿಲ್ಲ. ಪ್ರಾಯೋಗಿಕ, ಆಂಬಿಯೆಂಟ್ (ಪರಿಸರದೊಡನೆ ಬೆರೆಯುವ) ಮತ್ತು ಅವಾಂಗಾರ್ಡ್ (ರೂಢಿ ಮುರಿಯುವ) ಸಂಗೀತದ ವಿಮರ್ಶಕರು ಮೊದಲು ಮಾಡಬೇಕಾದದ್ದು, ಏನು ಕೇಳಿಸುತ್ತಿದೆ, ಅದು ಹೊತ್ತು ಸರಿದಂತೆ ಹೇಗೆ ಬದಲಾಗುತ್ತಿದೆ, ಯಾವ ವಿಧಾನದಿಂದ ಬದಲಾಗುತ್ತಿದೆ ಎಂಬುದನ್ನು ಓದುಗರ ಕಿವಿಗೆ ಮುಟ್ಟುವಂತೆ ಬರೆಯುವುದು. ತೀರ್ಪು ಅದರ ನಂತರದ ಕೆಲಸ.

ಕೇಳುವ ಸಲಕರಣೆಯಿಂದಲೇ ಆರಂಭಿಸಬೇಕು. ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ ಸುಮಾರು 200 ಹರ್ಟ್ಸ್‌ಗಿಂತ ಕೆಳಗಿನ ಸದ್ದು ಬಹುಪಾಲು ಕಳೆದುಹೋಗುತ್ತದೆ, ಒಂದೇ ನಾದವನ್ನು ದೀರ್ಘವಾಗಿ ಹಿಡಿದಿಡುವ ಡ್ರೋನ್ ಆಲ್ಬಮ್ಮುಗಳ ಜೀವ ಎಷ್ಟೋ ಸಲ ಅಲ್ಲಿಯೇ ಇರುತ್ತದೆ. ದುಬಾರಿಯಾದದ್ದೇ ಬೇಕೆಂದಿಲ್ಲ, ಕಿವಿಯನ್ನು ಪೂರ್ತಿ ಮುಚ್ಚುವ ಸಾಧಾರಣ ಹೆಡ್‌ಫೋನ್ ಸಾಕು. ಆ್ಯಪ್‌ನಲ್ಲಿ ಕೇಳುವುದಾದರೆ ಎರಡು ಸೌಲಭ್ಯಗಳನ್ನು ಬಂದ್ ಮಾಡಿರಿ: ಒಂದು ಟ್ರ್ಯಾಕಿನ ಕೊನೆಯನ್ನು ಮುಂದಿನದರ ಆರಂಭದೊಡನೆ ಬೆರೆಸುವ ಕ್ರಾಸ್‌ಫೇಡ್, ಮತ್ತು ಎಲ್ಲ ಟ್ರ್ಯಾಕುಗಳ ಸದ್ದಿನ ಮಟ್ಟವನ್ನು ಸಮ ಮಾಡುವ ನಾರ್ಮಲೈಸೇಶನ್. ಮೊದಲನೆಯದು ಸಂಗೀತಗಾರರು ಉದ್ದೇಶಪೂರ್ವಕವಾಗಿ ಬಿಟ್ಟ ಮೌನವನ್ನು ನುಂಗಿಹಾಕುತ್ತದೆ. ಎರಡನೆಯದು ಬೇಕೆಂದೇ ಕ್ಷೀಣವಾಗಿಟ್ಟ ಭಾಗವನ್ನು ಮೇಲೆತ್ತಿ ಆಲ್ಬಮ್ಮಿನ ಏರಿಳಿತವನ್ನೇ ಕೆಡಿಸಬಲ್ಲದು. ಉಚಿತ ಖಾತೆಯಲ್ಲಿ ನಡುವೆ ಜಾಹೀರಾತು ನುಗ್ಗಿದರೆ ಆ ಕೇಳುವಿಕೆ ವಿಮರ್ಶೆಗೆ ಲೆಕ್ಕವಲ್ಲ. ಸಾಧ್ಯವಾದರೆ ಬ್ಯಾಂಡ್‌ಕ್ಯಾಂಪ್‌ನಂಥ ತಾಣದಿಂದ ಸದ್ದಿನ ವಿವರ ಕಳೆಯದ ಫ್ಲ್ಯಾಕ್ ಫೈಲನ್ನೇ ಕೊಂಡುಕೊಳ್ಳಿರಿ. ಹಣ ನೇರವಾಗಿ ಸಂಗೀತಗಾರರ ಕಡೆಗೆ ಹೋಗುತ್ತದೆ, ಮತ್ತು ಕಡಿಮೆ ಗುಣಮಟ್ಟದ ಎಂಪಿ3ಯಲ್ಲಿ ಕಲಸಿಹೋಗುವ ಸೂಕ್ಷ್ಮ ಕರಕರ, ಉಸಿರು, ಟೇಪಿನ ಸುಯ್ಯೆನ್ನುವ ಸದ್ದು ಉಳಿದುಕೊಳ್ಳುತ್ತವೆ.

ಆಂಬಿಯೆಂಟ್ ಆಲ್ಬಮ್ಮನ್ನು ಎರಡು ಬಗೆಯಲ್ಲಿ ಕೇಳದೆ ಬರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಮ್ಮೆ ಹೆಡ್‌ಫೋನಿನಲ್ಲಿ, ಬೇರೇನೂ ಮಾಡದೆ. ಇನ್ನೊಮ್ಮೆ ಸ್ಪೀಕರಿನಲ್ಲಿ ಸಣ್ಣದಾಗಿ, ಕಿಟಕಿ ತೆರೆದಿಟ್ಟು, ಮನೆಯ ಕೆಲಸ ಮಾಡುತ್ತ. ಇದಕ್ಕೆ ಈ ಪ್ರಕಾರದ ಚರಿತ್ರೆಯಲ್ಲಿಯೇ ಕಾರಣವಿದೆ. 1975ರಲ್ಲಿ ಅಪಘಾತದಿಂದ ಹಾಸಿಗೆ ಹಿಡಿದಿದ್ದ ಇಂಗ್ಲೆಂಡಿನ ಸಂಗೀತಗಾರ ಬ್ರಯನ್ ಈನೋ, ತೀರ ಸಣ್ಣ ಸದ್ದಿನಲ್ಲಿ ಹಚ್ಚಿದ್ದ ಹಾರ್ಪ್ ವಾದನವನ್ನು ಎದ್ದು ಸರಿಪಡಿಸಲಾಗದೆ ಹೊರಗಿನ ಮಳೆಯೊಂದಿಗೆ ಬೆರೆತಂತೆಯೇ ಕೇಳಬೇಕಾಯಿತು, ಮತ್ತು ಸಂಗೀತವು ಪರಿಸರದ ಒಂದು ಭಾಗವಾಗಿರಬಹುದೆಂಬ ಯೋಚನೆ ಅವರಿಗೆ ಅಲ್ಲಿಂದ ಹೊಳೆಯಿತು. 1978ರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ ಆಲ್ಬಮ್ಮಿನ ಟಿಪ್ಪಣಿಯಲ್ಲಿ ಈ ಸಂಗೀತವು ಕುತೂಹಲ ಹುಟ್ಟಿಸುವಷ್ಟೇ ಸಹಜವಾಗಿ ಗಮನದಿಂದ ಜಾರಲೂ ಬರುವಂತಿರಬೇಕು ಎಂಬ ಆಶಯವನ್ನು ಅವರು ಬರೆದಿಟ್ಟರು. ಹೀಗಿರುವಾಗ ಒಂದೇ ಬಗೆಯಲ್ಲಿ ಕೇಳಿ ಬರೆದರೆ ಆ ಆಶಯದ ಅರ್ಧವನ್ನು ಮಾತ್ರ ಪರೀಕ್ಷಿಸಿದಂತಾಗುತ್ತದೆ. ನಮ್ಮ ಭಾಗದಲ್ಲಿ ಆಷಾಢದ ಜಿಟಿಜಿಟಿ ಮಳೆಯ ದಿನಗಳು ಈ ಎರಡನೆಯ ಕೇಳುವಿಕೆಗೆ ಹೇಳಿ ಮಾಡಿಸಿದಂತಿರುತ್ತವೆ. ಹುಬ್ಬಳ್ಳಿಯ ಪೇಟೆಯ ಮನೆಯಾದರೆ ಆಟೋಗಳ ಹಾರ್ನಿನ ನಡುವೆ ಆಲ್ಬಮ್ ತಾಳಿಕೊಳ್ಳುತ್ತದೆಯೇ, ಸೋತುಹೋಗುತ್ತದೆಯೇ ಎಂಬುದೂ ಬರೆಯತಕ್ಕ ಸಂಗತಿಯೇ.

ಮೊದಲ ಸಲ ಏನನ್ನೂ ಬರೆದುಕೊಳ್ಳಬೇಡಿರಿ. ಎರಡನೆಯ ಸಲ ನೋಟ್‌ಬುಕ್ಕಿನ ಎಡಬದಿಗೆ ನಿಮಿಷ-ಸೆಕೆಂಡುಗಳನ್ನೂ ಬಲಬದಿಗೆ ಆಗ ಕೇಳಿಸಿದ್ದನ್ನೂ ಬರೆಯುತ್ತ ಹೋಗಿರಿ. ಇಲ್ಲಿ ವಿಶೇಷಣಗಳನ್ನು ದೂರವಿಟ್ಟು ನಾಮಪದ, ಕ್ರಿಯಾಪದಗಳಿಂದಲೇ ಬರೆಯುವುದು ಒಳ್ಳೆಯ ಶಿಸ್ತು: ಯಾವ ಸದ್ದು ಬಂತು, ಎಡದಿಂದ ಬಂತೋ ಬಲದಿಂದಲೋ, ಎಷ್ಟು ಹೊತ್ತು ನಿಂತಿತು, ಹೋಗುವಾಗ ಕರಗಿತೋ ಕಡಿದುಬಿತ್ತೋ. ಏನೂ ಆಗಲಿಲ್ಲ ಅನ್ನಿಸಿದ ಐದು ನಿಮಿಷಗಳನ್ನೂ ಗುರುತು ಹಾಕಿಕೊಂಡು, ಆ ಐದು ನಿಮಿಷದ ಆರಂಭವನ್ನೂ ಕೊನೆಯನ್ನೂ ಒಂದರ ಹಿಂದೊಂದು ಕೇಳಿ ನೋಡಿರಿ. ಬಹಳ ಸಲ ಎರಡರ ನಡುವೆ ದೊಡ್ಡ ಅಂತರವಿರುತ್ತದೆ, ಮತ್ತು ನಮಗೆ ತಿಳಿಯದಂತೆ ಆ ಅಂತರವನ್ನು ದಾಟಿಸಿದ್ದರಲ್ಲಿಯೇ ಸಂಗೀತಗಾರರ ಕಸುಬು ಅಡಗಿರುತ್ತದೆ.

ಉದಾಹರಣೆಗೆ ವಿಲಿಯಂ ಬಸಿನ್‌ಸ್ಕಿಯವರ ‘ದ ಡಿಸ್‌ಇಂಟಿಗ್ರೇಶನ್ ಲೂಪ್ಸ್’ ಆಲ್ಬಮ್ಮಿನ ಮೊದಲ ಕೃತಿಯನ್ನು ತೆಗೆದುಕೊಳ್ಳಬಹುದು. ಹಳೆಯ ಟೇಪ್ ಲೂಪುಗಳನ್ನು (ತುದಿಗೆ ತುದಿ ಜೋಡಿಸಿ ಸುತ್ತುತ್ತಲೇ ಇರುವಂತೆ ಮಾಡಿದ ಟೇಪಿನ ತುಂಡುಗಳನ್ನು) 2001ರಲ್ಲಿ ಡಿಜಿಟಲ್‌ಗೆ ಇಳಿಸುತ್ತಿದ್ದಾಗ ಟೇಪಿನ ಮೇಲಿನ ಕಾಂತೀಯ ಲೇಪವು ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಉದುರತೊಡಗಿತು, ಅವರು ಅದನ್ನು ಹಾಗೆಯೇ ಮುದ್ರಿಸಿಕೊಂಡರು. ಒಂದು ಗಂಟೆಗೂ ಮಿಕ್ಕಿದ ಈ ಕೃತಿಯನ್ನು ‘ಕರುಣಾಜನಕ’ ಎಂದು ಕರೆಯುವುದು ಸುಲಭ. ಅದರ ಬದಲಿಗೆ, ಕಹಳೆಯನ್ನು ಹೋಲುವ ಸಣ್ಣದೊಂದು ಸ್ವರಗುಚ್ಛ ಮೊದಲು ಇಡಿಯಾಗಿ ಮರಳಿ ಮರಳಿ ಬರುತ್ತದೆ, ಆಮೇಲೆ ಅದರ ಅಂಚಿನಲ್ಲಿ ಬಿರುಕು ಕೇಳಿಸುತ್ತದೆ, ಕೊನೆಯ ಭಾಗದಲ್ಲಿ ಸ್ವರಕ್ಕಿಂತ ಸ್ವರಗಳ ನಡುವಿನ ಖಾಲಿ ಜಾಗವೇ ಹೆಚ್ಚಾಗುತ್ತದೆ ಎಂದು ಹಂತಹಂತವಾಗಿ ಬರೆದರೆ, ಕರುಣೆಯ ಹೆಸರೆತ್ತದೆಯೂ ಓದುಗರಿಗೆ ಅದು ತಲುಪುತ್ತದೆ. ಈ ಆಲ್ಬಮ್ಮಿಗೆ ನ್ಯೂಯಾರ್ಕಿನಲ್ಲಿ 2001ರ ಸೆಪ್ಟೆಂಬರ್ 11ರಂದು ನಡೆದ ದಾಳಿಯ ನೆನಪು ಅಂಟಿಕೊಂಡಿದೆ, ಬಸಿನ್‌ಸ್ಕಿಯವರೇ ಅದನ್ನು ಆ ದುರಂತಕ್ಕೆ ಬಲಿಯಾದವರಿಗೆ ಅರ್ಪಿಸಿದರು. ಆ ಸಂಗತಿಯನ್ನು ಓದುಗರಿಗೆ ತಿಳಿಸಲೇಬೇಕು. ಆದರೆ ಕಿವಿಗೆ ಕೇಳಿದ್ದನ್ನು ಬರೆದು ಮುಗಿಸಿದ ಮೇಲೆ ತಿಳಿಸಬೇಕು, ಏಕೆಂದರೆ ಕಥೆಯನ್ನು ಮುಂದಿಟ್ಟರೆ ಸದ್ದು ಅದರ ಹಿನ್ನೆಲೆಯಾಗಿ ಉಳಿದುಬಿಡುತ್ತದೆ.

ಕೃತಿಯ ವಿಧಾನವನ್ನು ತಿಳಿಯುವುದು ಇಲ್ಲಿ ರಾಗವನ್ನು ಗುರುತಿಸುವುದರಷ್ಟೇ ಮುಖ್ಯ. ಈನೋ ಅವರ ಏರ್‌ಪೋರ್ಟ್ಸ್ ಆಲ್ಬಮ್ಮಿನ ಎರಡನೆಯ ಭಾಗದಲ್ಲಿ ಬೇರೆ ಬೇರೆ ಉದ್ದದ ಟೇಪ್ ಲೂಪುಗಳ ಮೇಲೆ ಹಾಡಿದ ಸ್ವರಗಳಿವೆ. ಒಂದು ಸುಮಾರು 23 ಸೆಕೆಂಡಿಗೊಮ್ಮೆ, ಇನ್ನೊಂದು ಸುಮಾರು 26 ಸೆಕೆಂಡಿಗೊಮ್ಮೆ, ಮತ್ತೊಂದು ಸುಮಾರು 30 ಸೆಕೆಂಡಿಗೊಮ್ಮೆ ಮರಳುವುದರಿಂದ ಅವು ಕೂಡುವ ರೀತಿ ಪ್ರತಿಸಲವೂ ಬದಲಾಗುತ್ತದೆ. ಸ್ಟೀವ್ ರೈಖ್ ಅವರ 1965ರ ‘ಇಟ್ಸ್ ಗೊನ್ನಾ ರೇನ್’ ಕೃತಿಯಲ್ಲಿ ಬೋಧಕನೊಬ್ಬನ ಮಾತಿನ ಒಂದೇ ತುಣುಕು ಎರಡು ಟೇಪ್‌ರೆಕಾರ್ಡರುಗಳಲ್ಲಿ ಒಟ್ಟಿಗೆ ಹೊರಟು ನಿಧಾನವಾಗಿ ಒಂದನ್ನೊಂದು ಬಿಟ್ಟು ಸರಿಯುತ್ತದೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಅಕ್ಕಪಕ್ಕದ ಎರಡು ಮಗ್ಗಗಳು ಕೂದಲೆಳೆಯಷ್ಟು ವೇಗಭೇದದಿಂದ ನಡೆಯುವಾಗ, ಒಂದೇ ಪೆಟ್ಟಾಗಿ ಕೇಳುತ್ತಿದ್ದದ್ದು ಎರಡಾಗಿ ಒಡೆದು, ನಡುವೆ ಯಾರೂ ಬಾರಿಸದ ಹೊಸ ಲಯವೊಂದು ಹುಟ್ಟಿ, ಮತ್ತೆ ಒಂದಾಗುವುದನ್ನು ಕೇಳಿದವರಿಗೆ ಈ ವಿಧಾನವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲ್ವಿನ್ ಲೂಸಿಯರ್ ಅವರ 1969ರ ‘ಐ ಆ್ಯಮ್ ಸಿಟಿಂಗ್ ಇನ್ ಎ ರೂಮ್’ ತನ್ನ ವಿಧಾನವನ್ನು ತಾನೇ ಹೇಳಿಕೊಳ್ಳುತ್ತದೆ: ಮಾತನ್ನು ಮುದ್ರಿಸಿ, ಅದೇ ಕೋಣೆಯಲ್ಲಿ ಹಚ್ಚಿ, ಮತ್ತೆ ಮುದ್ರಿಸಿ, ಹೀಗೆ ಮಾಡುತ್ತ ಹೋದಂತೆ ಕೋಣೆಯ ಅನುರಣನವು ಮಾತನ್ನು ನುಂಗಿ ಬರಿಯ ನಾದವನ್ನು ಉಳಿಸುತ್ತದೆ. ಅಕ್ಷರಗಳು ಯಾವ ಸುತ್ತಿನಲ್ಲಿ ಕೈಬಿಟ್ಟವು ಎಂದು ಕಿವಿಗೊಟ್ಟು ಗುರುತಿಸಿ ಬರೆಯುವುದು ವಿಮರ್ಶಕರ ಪಾಲಿನ ಕೆಲಸ. ವಿಧಾನ ಜಾಣತನದ್ದು ಎಂಬ ಒಂದೇ ಕಾರಣಕ್ಕೆ ಕೃತಿಯನ್ನು ಮೆಚ್ಚಬಾರದು. ಟಿಪ್ಪಣಿ ಓದಿದಾಗ ಸ್ವಾರಸ್ಯವೆನಿಸಿ, ಕೇಳಿದಾಗ ಮೊದಲ ಮೂರು ನಿಮಿಷಕ್ಕೇ ಎಲ್ಲ ತಿಳಿದುಹೋಗುವ ಆಲ್ಬಮ್ಮುಗಳು ಬೇಕಾದಷ್ಟಿವೆ, ಅದನ್ನು ನೇರವಾಗಿ ಹೇಳಬೇಕು.

ನಮ್ಮ ಊರಿನ ಕೇಳುಗರಿಗೆ ಈ ಸಂಗೀತ ಪೂರ್ತಿ ಪರಕೀಯವಲ್ಲ. ಕುಂದಗೋಳದ ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿಯವರಿಗೆ ಹರಿದ ಕಿರಾಣಾ ಘರಾಣೆಯಲ್ಲಿ ಅಬ್ದುಲ್ ವಹೀದ್ ಖಾನರ ಇನ್ನೊಂದು ಕವಲಿದೆ. ಅವರ ಶಿಷ್ಯರಾದ ಪಂಡಿತ ಪ್ರಾಣನಾಥರು 1970ರಲ್ಲಿ ನ್ಯೂಯಾರ್ಕಿಗೆ ಹೋದರು, ಅಮೆರಿಕದ ಪ್ರಾಯೋಗಿಕ ಕಲಾವಿದರಾದ ಲಾ ಮಾಂಟ್ ಯಂಗ್, ಮೇರಿಯನ್ ಝಝೀಲಾ, ಟೆರ್ರಿ ರೈಲಿ ಪ್ರಾಣನಾಥರಲ್ಲಿ ಶಿಷ್ಯವೃತ್ತಿ ಮಾಡಿದರು. ಹೀಗೆಂದು ‘ಇದೆಲ್ಲ ನಮ್ಮಲ್ಲಿಂದಲೇ ಹೋದದ್ದು’ ಎಂದು ಬರೆಯುವ ಆತುರ ಬೇಡ. ಯಂಗ್ 1958ರಲ್ಲಿಯೇ ಬಹಳ ದೀರ್ಘ ಸ್ವರಗಳ ತಂತಿವಾದ್ಯ ಕೃತಿಯನ್ನು ರಚಿಸಿದ್ದರು, ರೈಲಿಯವರ ‘ಇನ್ ಸಿ’ 1964ರದು. ಅವರು ತಮ್ಮ ದಾರಿಯಲ್ಲಿ ನಡೆಯುತ್ತಿರುವಾಗ ಕಿರಾಣಾದ ಶ್ರುತಿಶುದ್ಧಿ ಅವರಿಗೆ ಗುರುವಾಗಿ ಒದಗಿತು ಎಂದರೆ ಸರಿಯಾದೀತು.

ತಂಬೂರಿಯ ಪಕ್ಕದಲ್ಲಿ ಕುಳಿತು ಬೆಳೆದ ಕಿವಿಗೆ ಇಲ್ಲಿ ನಿಜವಾದ ಲಾಭವಿದೆ. ಜವಾರಿ (ತಂತಿಗೆ ಝೇಂಕಾರ ಕೊಡುವ ಹೊಂದಿಕೆ) ಚೆನ್ನಾಗಿ ಕೂತಾಗ ಖರ್ಜದ, ಅಂದರೆ ಮಂದ್ರ ಷಡ್ಜದ, ತಂತಿಯೊಳಗಿಂದಲೇ ಗಾಂಧಾರ ಕೇಳಿಬರುವುದನ್ನು ಬಲ್ಲವರು, ಫ್ರಾನ್ಸಿನ ಏಲಿಯಾನ್ ರಾಡಿಗ್ ಎಆರ್‌ಪಿ 2500 ಸಿಂಥಸೈಸರಿನಲ್ಲಿ ರಚಿಸಿ 1993ರಲ್ಲಿ ಮುಗಿಸಿದ, ಮೂರು ಗಂಟೆಗೆ ಸಮೀಪದ ‘ಟ್ರಿಲೊಜಿ ದ ಲಾ ಮೋರ್’ ಕೃತಿಯಲ್ಲಿ ಮೂಲನಾದದೊಳಗಿಂದ ಹುಟ್ಟುವ ಮೇಲಿನ ಉಪಸ್ವರಗಳು ನಿಧಾನವಾಗಿ ಜಾಗ ಬದಲಿಸುವುದನ್ನು ಬೇಗ ಹಿಡಿಯಬಲ್ಲರು. 200 ಮತ್ತು 201 ಹರ್ಟ್ಸ್‌ನ ಎರಡು ನಾದಗಳು ಒಟ್ಟಿಗೆ ನಿಂತರೆ ಸೆಕೆಂಡಿಗೊಮ್ಮೆ ಸದ್ದು ಉಬ್ಬಿ ಇಳಿಯುತ್ತದೆ. ತಂಬೂರಿ ಸೇರಿಸುವವರು ಆ ಅಲೆಯನ್ನು ಇಲ್ಲವಾಗಿಸುತ್ತಾರೆ, ಡ್ರೋನ್ ಸಂಗೀತಗಾರರು ಹಲವು ಸಲ ಅದನ್ನೇ ಲಯವನ್ನಾಗಿ ಬಳಸುತ್ತಾರೆ. ಅದೇ ಕಿವಿ ದಾರಿ ತಪ್ಪಿಸುವುದೂ ಉಂಟು. ವಿಲಂಬಿತವಾದ ಮೇಲೆ ದ್ರುತ ಬರಬೇಕು, ಸುತ್ತು ಮುಗಿದರೆ ಸಮ ಸಿಗಬೇಕು ಎಂದು ಕಾಯುತ್ತ ಕುಳಿತವರು ರಾಡಿಗ್ ಅವರ ಸಂಗೀತದಲ್ಲಿ ‘ಬೆಳವಣಿಗೆಯಿಲ್ಲ’ ಎಂದು ಬರೆಯುತ್ತಾರೆ. ಮೂರು ಸ್ವರ ಹೊಂದಿದೊಡನೆ ‘ಇಲ್ಲಿ ಯಮನ್ ರಾಗದ ಛಾಯೆ’ ಎನ್ನುವುದೂ ಇಂಥದೇ ದೋಷ, ಚಲನ, ಅಂದರೆ ಸ್ವರಗಳ ವಿಶಿಷ್ಟ ನಡೆ, ಇಲ್ಲದಲ್ಲಿ ರಾಗವಿಲ್ಲ.

ಗದ್ದಲವನ್ನೇ ಸಂಗೀತವಾಗಿಸುವ ನಾಯ್ಸ್ ಆಲ್ಬಮ್ಮುಗಳ ವಿಷಯದಲ್ಲಿ ಮೊದಲ ಸೂಚನೆ ಆರೋಗ್ಯದ್ದು: 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆಯ ಮಿತಿ ಎಂದಿಟ್ಟುಕೊಂಡರೆ ಪ್ರತಿ 3 ಡೆಸಿಬಲ್ ಏರಿಕೆಗೆ ಆ ಅವಧಿ ಅರ್ಧವಾಗುತ್ತದೆ. ಜಪಾನಿನ ಮರ್ಜ್‌ಬೊ ಅವರಂಥ ನಾಯ್ಸ್ ಸಂಗೀತಗಾರರ ಆಲ್ಬಮ್ಮನ್ನು ಕಡಿಮೆ ಸದ್ದಿನಲ್ಲಿ ಕೇಳಿದರೂ ಅದರ ಪದರಗಳು ಕಿವಿಗೆ ಬರುತ್ತವೆ, ಆ ಪದರಗಳನ್ನು ಬಿಡಿಸಿ ಬರೆದರೆ ವಿಮರ್ಶೆ ನಿಲ್ಲುತ್ತದೆ.

ಹೊರಗಿನ ಸದ್ದನ್ನು ಮುದ್ರಿಸಿ ಮಾಡಿದ ಆಲ್ಬಮ್ಮುಗಳಿಗೆ ಬೇರೆ ಪ್ರಶ್ನೆಗಳು ಬೇಕು. ಫ್ರಾನ್ಸಿನ ಪಿಯರ್ ಶಾಫರ್ 1948ರಲ್ಲಿ ಪ್ಯಾರಿಸ್ಸಿನ ರೈಲು ನಿಲ್ದಾಣದ ಸದ್ದುಗಳನ್ನು ಡಿಸ್ಕುಗಳ ಮೇಲೆ ಮುದ್ರಿಸಿ, ಕತ್ತರಿಸಿ ಜೋಡಿಸಿ, ಮೂರು ನಿಮಿಷದಷ್ಟು ಚಿಕ್ಕ ಕೃತಿಯನ್ನು ಮಾಡಿದರು. ಸದ್ದು ಯಾವುದರದು ಎಂಬುದನ್ನು ಬದಿಗಿಟ್ಟು ಸದ್ದನ್ನೇ ಕೇಳಬೇಕೆಂದು ಅವರು ಮುಂದೆ ವಾದಿಸಿದರು. ಹುಬ್ಬಳ್ಳಿ ನಿಲ್ದಾಣದಲ್ಲಿ ಕಣ್ಣು ಮುಚ್ಚಿ ಕುಳಿತು, ಗಾಡಿ, ಘೋಷಣೆ, ಚಹಾ ಮಾರುವವರ ಕೂಗು ಎಂಬ ಹೆಸರುಗಳನ್ನು ಬಿಟ್ಟು, ಏರುವ, ಕೊರೆಯುವ, ತಟ್ಟುವ, ಎಳೆಯುವ ಸದ್ದುಗಳಾಗಿ ಅವನ್ನು ಬರೆದುಕೊಳ್ಳುವುದು ಹೊಸ ವಿಮರ್ಶಕರಿಗೆ ನಾನು ಸೂಚಿಸುವ ಅಭ್ಯಾಸ. ಆ ಅಭ್ಯಾಸವಾದ ಮೇಲೆ ಮೈಕು ಎಲ್ಲಿತ್ತು, ಎಲ್ಲಿ ಕತ್ತರಿಸಲಾಗಿದೆ, ಸದ್ದಿನಲ್ಲಿರುವ ಜನರ ಬದುಕನ್ನು ಕೇವಲ ಅಲಂಕಾರವಾಗಿ ಬಳಸಲಾಗಿದೆಯೇ ಎಂಬ ಪ್ರಶ್ನೆಗಳು ಕೇಳುವಾಗಲೇ ಏಳುತ್ತವೆ.

ತೀರ್ಪು ಕೊಡುವಾಗ ಆಲ್ಬಮ್ ತಾನು ಕೈಗೊಂಡದ್ದನ್ನು ಸಾಧಿಸಿದೆಯೇ, ಅದಕ್ಕೆ ಇಷ್ಟು ಅವಧಿ ಬೇಕಿತ್ತೇ, ಈ ಕ್ರಮವೇ ಸರಿಯೇ ಎಂದು ಕೇಳಿಕೊಳ್ಳಿರಿ. ಅವಧಿಯ ಪ್ರಶ್ನೆಯಲ್ಲಿ ಮಾಧ್ಯಮವನ್ನೂ ನೋಡಬೇಕು. ಈನೋ ಅವರ 1975ರ ‘ಡಿಸ್‌ಕ್ರೀಟ್ ಮ್ಯೂಸಿಕ್’ ಸುಮಾರು 30 ನಿಮಿಷಕ್ಕೆ ನಿಂತದ್ದಕ್ಕೆ ಎಲ್‌ಪಿಯ ಒಂದು ಬದಿಯ ಮಿತಿಯೂ ಕಾರಣ. ಇಂದಿನ ಡಿಜಿಟಲ್ ಆಲ್ಬಮ್ಮಿಗೆ ಅಂಥ ಮಿತಿಯಿಲ್ಲದಿರುವುದರಿಂದ ಅನಾವಶ್ಯಕ ಉದ್ದಕ್ಕೆ ರಿಯಾಯಿತಿ ಕೊಡಬೇಕಾಗಿಲ್ಲ. ಹಳೆಯ ಮುದ್ರಣಗಳ ಬಿಡುಗಡೆಗಳಲ್ಲಿ ಚಾರಿತ್ರಿಕ ಬೆಲೆಯನ್ನೂ ಕೇಳುವ ಬೆಲೆಯನ್ನೂ ಬೇರೆಯಾಗಿಡಿರಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಡೇವಿಡ್ ಟ್ಯೂಡರ್ ನೆರವಿನಿಂದ 1969ರಲ್ಲಿ ಮೂಗ್ ಸಿಂಥಸೈಸರಿನ ಸ್ಟುಡಿಯೊ ಆರಂಭವಾಗಿ, ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು 1972ರವರೆಗೆ ಅಲ್ಲಿ ಮಾಡಿದ ಪ್ರಯೋಗಗಳು 2023ರಲ್ಲಿ ಆಲ್ಬಮ್ಮಾಗಿ ಹೊರಬಂದವು. ಭಾರತದ ಎಲೆಕ್ಟ್ರಾನಿಕ್ ಸಂಗೀತದ ಚರಿತ್ರೆಗೆ ಅದು ಅಮೂಲ್ಯ ಎಂಬುದರಲ್ಲಿ ಸಂದೇಹವಿಲ್ಲ. ಹಾಗಿದ್ದರೂ ಯಾವ ಟ್ರ್ಯಾಕು ಪೂರ್ಣ ಕೃತಿ, ಯಾವುದು ಯಂತ್ರವನ್ನು ಪರೀಕ್ಷಿಸುತ್ತಿರುವ ಅಭ್ಯಾಸ ಎಂದು ಬಿಡಿಸಿ ಹೇಳುವುದು ಅವರ ಶ್ರಮಕ್ಕೆ ಸಲ್ಲಿಸುವ ಗೌರವವೇ ಆಗಿದೆ.

ಬರಹದ ಮೊದಲಲ್ಲಿ ಆಲ್ಬಮ್ಮಿನ ಹೆಸರು, ಸಂಗೀತಗಾರರು, ವರ್ಷ, ಒಟ್ಟು ಅವಧಿ, ನೀವು ಕೇಳಿದ ಮಾಧ್ಯಮ, ಮರುಬಿಡುಗಡೆಯಾಗಿದ್ದರೆ ಆ ಸಂಗತಿ ಇರಲಿ. ನಕ್ಷತ್ರಗಳನ್ನು ಕೊಡಬೇಡಿರಿ, ಒಂದೇ ಸ್ವರದ ಆಲ್ಬಮ್ಮಿಗೂ ನೂರು ಸದ್ದಿನ ಆಲ್ಬಮ್ಮಿಗೂ ಅವು ಒಂದೇ ಅಳತೆಯನ್ನು ಹಚ್ಚುತ್ತವೆ. ಇನ್ನೊಬ್ಬ ಸಂಗೀತಗಾರರ ಹೋಲಿಕೆ ಕೊಟ್ಟರೆ, ಅವರನ್ನು ಎಂದೂ ಕೇಳಿರದ ಗದಗಿನ ಅಥವಾ ಹಾವೇರಿಯ ಓದುಗರಿಗೆ ಆ ಹೋಲಿಕೆಯಿಂದ ಏನು ಸಿಗುತ್ತದೆ ಎಂದು ಯೋಚಿಸಿ, ಒಂದು ವಾಕ್ಯದ ವಿವರಣೆಯನ್ನು ಜೊತೆಗಿಡಿರಿ. ಕೊನೆಗೆ ಬರೆದದ್ದನ್ನು ಎದುರಿಗಿಟ್ಟುಕೊಂಡು ಆಲ್ಬಮ್ಮನ್ನು ಮತ್ತೊಮ್ಮೆ ಪೂರ್ತಿ ಕೇಳಿ, ಪ್ರತಿ ಸಮಯಸೂಚನೆಯನ್ನೂ ತಾಳೆ ನೋಡಿ, ಕಿವಿಗೆ ಕೇಳದ ಯಾವ ವಾಕ್ಯವಿದ್ದರೂ ಹೊಡೆದುಹಾಕಿದ ಮೇಲೆಯೇ ಅದನ್ನು ಪ್ರಕಟಣೆಗೆ ಕಳಿಸಿರಿ.