ಅಮೆರಿಕದಲ್ಲಿ ಡ್ರೈವ್-ಇನ್ ಸಿನಿಮಾ: ಹೋಗೋದು ಹೇಗೆ, ಮುಚ್ಚಿಹೋಗಿರೋದನ್ನ ಹುಡ್ಕೋದು ಹೇಗೆ

ಬೇಸಿಗೆ ಬಂತು ಅಂದ್ರೆ ಇಲ್ಲಿ ಕನ್ನಡದೋರ ಮನೇಲೆಲ್ಲ ಊರಿಂದ ಅಪ್ಪ ಅಮ್ಮ ಬಂದಿರ್ತಾರೆ, ನಯಾಗರ ಆಯ್ತು, ಪಿಟ್ಸ್‌ಬರ್ಗ್ ವೆಂಕಟೇಶ್ವರನ ದರ್ಶನ ಆಯ್ತು, ಕಾಸ್ಟ್ಕೊ ಅಂತೂ ವಾರವಾರ ಇದ್ದೇ ಇರತ್ತೆ, ಇನ್ನೆಲ್ಲಿಗಪ್ಪಾ ಕರ್ಕೊಂಡು ಹೋಗೋದು ಅಂತ ತಲೆ ಕೆರ್ಕೊಳ್ತಾ ಕೂತಿರ್ತೀವಿ. ಡ್ರೈವ್-ಇನ್‌ಗೆ ಕರ್ಕೊಂಡು ಹೋಗಿ, ಅಂದ್ರೆ ಬಯಲಲ್ಲಿ ದೊಡ್ಡ ಪರದೆ ಮುಂದೆ ಕಾರು ನಿಲ್ಲಿಸ್ಕೊಂಡು ಅಲ್ಲೇ ಕೂತು ಸಿನಿಮಾ ನೋಡೋ ಜಾಗ. ಮುಂದಿನ ವರ್ಷ ನೋಡೋಣ ಅಂತ ಮಾತ್ರ ಅನ್ಬೇಡಿ, 1950ರ ದಶಕದ ಕೊನೇಲಿ ದೇಶದ ತುಂಬ ಹೆಚ್ಚುಕಮ್ಮಿ 4,000 ಇದ್ವು, ಈಗ ಉಳ್ಕೊಂಡಿರೋದು 300ರ ಆಸುಪಾಸು.

ಎಲ್ಲಿಗೆ ಅಂದ್ರೆ, ಪೆನ್ಸಿಲ್ವೇನಿಯಾದ ಓರ್‌ಫೀಲ್ಡ್‌ನಲ್ಲಿ ಶಾಂಕ್‌ವೈಲರ್ಸ್ ಇದೆ, 1934ರದ್ದು, ಈಗ್ಲೂ ನಡೀತಿರೋದ್ರಲ್ಲಿ ಅದೇ ಎಲ್ಲಕ್ಕಿಂತ ಹಳೇದು. ನ್ಯೂಜೆರ್ಸಿಯೋರಿಗೆ ವೈನ್‌ಲ್ಯಾಂಡ್‌ನ ಡೆಲ್ಸೀ, ಅದು 1987ರಲ್ಲಿ ಬಾಗಿಲು ಹಾಕಿ 2004ರಲ್ಲಿ ಮತ್ತೆ ಎದ್ದು ಕೂತಿದ್ದು. ಬಾಲ್ಟಿಮೋರ್ ಕಡೆಯೋರಿಗೆ ಬೆಂಗೀಸ್, ಅಲ್ಲಿನ ಪರದೆ 120 ಅಡಿ ಅಗಲ 52 ಅಡಿ ಎತ್ತರ, ಅದರ ಮುಂದೆ ಮಾಲ್‌ನ ಪರದೆ ಏನೂ ಅಲ್ಲ. ಡೆಟ್ರಾಯಿಟ್ ಹತ್ರ ಡಿಯರ್‌ಬಾರ್ನ್‌ನಲ್ಲಿ ಫೋರ್ಡ್-ವಯೋಮಿಂಗ್, ಸ್ಯಾನ್ ಹೊಸೆ ಹುಡುಗರಿಗೆ ಮನೆ ಪಕ್ಕದಲ್ಲೇ ಕ್ಯಾಪಿಟಲ್. ಹೊರಡೋ ದಿನ ಬೆಳಗ್ಗೆ ವೆಬ್‌ಸೈಟ್ ಒಂದ್ಸಲ ನೋಡ್ಕೊಳ್ಳಿ, ಚಳಿ ಇರೋ ಕಡೆ ಬಹಳಷ್ಟು ಚಳಿಗಾಲದಲ್ಲಿ ಮುಚ್ಚಿರ್ತವೆ, ಏಪ್ರಿಲ್ ಮೇನಲ್ಲಿ ಶುಕ್ರವಾರ ಶನಿವಾರ ಭಾನುವಾರ ಅಷ್ಟೇ ಅನ್ನೋದೂ ಇರತ್ತೆ.

ಟೈಮ್ ವಿಷಯ ಮೊದ್ಲೇ ಮನೇಲಿ ಹೇಳ್ಬಿಡಿ. ಕತ್ತಲಾಗದೆ ಶೋ ಶುರುವಾಗಲ್ಲ, ಜೂನ್‌ನಲ್ಲಿ ಕತ್ತಲಾಗೋದೇ ಒಂಬತ್ತರ ಮೇಲೆ, ಎಷ್ಟೋ ಕಡೆ ಒಂದೇ ಟಿಕೆಟ್‌ಗೆ ಎರಡು ಸಿನಿಮಾ, ಎರಡನೇದು ಮುಗಿಯೋಷ್ಟೊತ್ತಿಗೆ ರಾತ್ರಿ ಒಂದು ಗಂಟೆ ದಾಟಿರತ್ತೆ. 1966ರ ಕಾನೂನಿಂದ ಬೇಸಿಗೇಲಿ ಗಡಿಯಾರ ಒಂದು ಗಂಟೆ ಮುಂದೆ ಹಾಕೋದು ದೇಶದ ಬಹುಪಾಲು ಕಡೆ ಒಂದೇ ರೀತಿ ಆಯ್ತಲ್ಲ, ಡ್ರೈವ್-ಇನ್ ಓನರ್‌ಗಳಿಗೆ ಬಿದ್ದ ಪೆಟ್ಟುಗಳಲ್ಲಿ ಅದೂ ಒಂದು, ಮಕ್ಕಳಿರೋರು ಅಷ್ಟು ಲೇಟಾದ್ರೆ ಯಾರು ಬರ್ತಾರೆ. ಸಾಮಾನ್ಯವಾಗಿ ಮಕ್ಕಳು ನೋಡೋವಂಥದ್ದು ಮೊದ್ಲು ಹಾಕ್ತಾರೆ, ಹಿರಿಯರಿದ್ರೆ ಅದೊಂದು ನೋಡ್ಕೊಂಡು ಇಂಟರ್ವಲ್‌ನಲ್ಲಿ ಎದ್ದು ಬನ್ನಿ, ಯಾರೂ ಏನೂ ಅಂದ್ಕೊಳಲ್ಲ.

ಶೋಗೆ ಒಂದೂವರೆ ಗಂಟೆ ಮುಂಚೆ ಹೋಗಿ. ಜಾಗ ಸಿಗತ್ತೆ ಅನ್ನೋದಷ್ಟೇ ಅಲ್ಲ, ಬೆಳಕಿರೋವಾಗ ಆ ನೆಲ ಒಂದ್ಸಲ ನಡ್ಕೊಂಡು ನೋಡ್ಬೇಕು. ಸಪಾಟಾಗಿ ಇರಲ್ಲ, ಬೀಸಣಿಗೆ ಬಿಚ್ಚಿಟ್ಟ ಹಾಗೆ ಸಾಲುಸಾಲು ಬಾಗಿದ ದಿಬ್ಬ, ಮುಂದಿನ ಚಕ್ರ ದಿಬ್ಬದ ಮೇಲೆ ಹತ್ತಿಸಿದ್ರೆ ಕಾರಿನ ಮೂತಿ ಮೇಲಕ್ಕೆದ್ದು ಮುಂದಿನ ಕಾರಿನ ತಲೆ ಮೇಲಿಂದ ಪರದೆ ಕಾಣತ್ತೆ. ಇಡೀ ಡ್ರೈವ್-ಇನ್ನಿನ ಬುದ್ಧಿವಂತಿಕೆ ಇರೋದೇ ಅಲ್ಲಿ. ರಿಚರ್ಡ್ ಹಾಲಿಂಗ್ಸ್‌ಹೆಡ್ ಅಂತ ನ್ಯೂಜೆರ್ಸಿ ಮನುಷ್ಯ ತನ್ನ ಮನೆ ಮುಂದೆ ಕಾರಿನ ಬಾನೆಟ್ ಮೇಲೆ ಪ್ರೊಜೆಕ್ಟರ್ ಇಟ್ಟು, ಮರಕ್ಕೆ ಪರದೆ ಹೊಡ್ದು, ಚಕ್ರದ ಕೆಳಗೆ ದಿಮ್ಮಿ ಇಟ್ಟು ಎಷ್ಟು ಎತ್ತರ ಮಾಡಿದ್ರೆ ಹಿಂದಿನೋನಿಗೆ ಕಾಣತ್ತೆ ಅಂತ ನೋಡ್ದ, ಅದಕ್ಕೆ ಪೇಟೆಂಟೂ ತಗೊಂಡ. 1933ರ ಜೂನ್ 6ರಂದು ಕ್ಯಾಮ್ಡೆನ್ ಹತ್ರ ಮೊದಲ ಡ್ರೈವ್-ಇನ್ ಶುರು ಮಾಡ್ದ, ಕಾರಿಗೆ 25 ಸೆಂಟ್, ತಲೆಗೆ 25 ಸೆಂಟ್.

ಎಸ್‌ಯುವಿ ಇದ್ರೆ ಹಿಂದಿನ ಸಾಲಿಗೋ ಪಕ್ಕಕ್ಕೋ ಕಳಿಸ್ತಾರೆ, ಜಗಳ ಆಡ್ಬೇಡಿ. ರಿವರ್ಸ್‌ನಲ್ಲಿ ನಿಲ್ಲಿಸಿ ಸೀಟು ಮಡಚಿ ಡಿಕ್ಕಿ ತೆಗ್ದು ಒಳಗೆ ಹಾಸಿಗೆ ಹಾಸ್ಕೊಂಡು ಕೂರೋದೇ ಮಜಾ, ಆದ್ರೆ ಡಿಕ್ಕಿ ಬಾಗಿಲು ಕಾರಿನ ಮಾಳಿಗೆಗಿಂತ ಮೇಲೆ ಎದ್ದಿರಬಾರ್ದು, ಹಿಂದಿನೋರಿಗೆ ಅರ್ಧ ಪರದೆ ಹೋಗತ್ತೆ. ಒಂದು ಹಗ್ಗ ಇಟ್ಕೊಂಡಿರಿ, ಅಷ್ಟೇ ಎತ್ತರಕ್ಕೆ ಕಟ್ಟಿ.

ಈಗ ಮುಖ್ಯ ವಿಷಯ, ಲೈಟು. ಅಲ್ಲಿ ದೊಡ್ಡ ಅಪರಾಧ ಅಂದ್ರೆ ಅದೇ. ಈಗಿನ ಕಾರುಗಳು ಆನ್ ಮಾಡಿದ ತಕ್ಷಣ ತಾವೇ ಲೈಟ್ ಹಾಕ್ಕೊಳ್ತವೆ, ಡಿಕ್ಕಿ ತೆಗೆದ್ರೆ ಒಳಗಿನ ಬಲ್ಬು, ಬ್ರೇಕ್ ಮೇಲೆ ಕಾಲಿಟ್ರೆ ಹಿಂದೆ ಕೆಂಪು, ಮಧ್ಯದ ಸ್ಕ್ರೀನ್ ಒಂದು ಬೇರೆ. ಹಿಂದಿನ ರಾತ್ರಿ ಮನೆ ಮುಂದೆ ನಿಂತು ಒಂದೊಂದೇ ಆರಿಸೋದು ಹೇಗೆ ಅಂತ ಕಲ್ತುಬಿಡಿ, ಕೆಲವು ಕಾರಲ್ಲಿ ಸ್ಟಾರ್ಟ್ ಮಾಡೋ ಮುಂಚೆ ಹ್ಯಾಂಡ್‌ಬ್ರೇಕ್ ಹಾಕಿದ್ರೆ ಮಾತ್ರ ಮುಂದಿನ ಲೈಟ್ ಸುಮ್ನಿರತ್ತೆ. ಅಲ್ಲಿ ಹೋಗಿ ಕತ್ತಲಲ್ಲಿ ಮ್ಯಾನ್ಯುಅಲ್ ಹುಡುಕ್ತಾ ಕೂತ್ರೆ ಸುತ್ತಲಿನ ಅಷ್ಟೂ ಕಾರಿನೋರು ಹಾರ್ನ್ ಹೊಡೀತಾರೆ.

ಸೌಂಡ್ ಬರೋದು ಎಫ್‌ಎಂನಲ್ಲಿ, ಯಾವ ನಂಬರ್ ಅಂತ ಗೇಟಲ್ಲೇ ಹೇಳ್ತಾರೆ. ಕಾರಿನ ರೇಡಿಯೋ ನಾಲ್ಕು ಗಂಟೆ ಓಡಿಸಿದ್ರೆ ಹಳೇ ಬ್ಯಾಟರಿ ಕೈ ಕೊಡತ್ತೆ, ಎಷ್ಟೋ ಕಾರಲ್ಲಿ ಸ್ವಲ್ಪ ಹೊತ್ತಾದ್ಮೇಲೆ ರೇಡಿಯೋ ತಾನೇ ಆಫ್ ಆಗತ್ತೆ, ಅದೂ ಸರಿಯಾಗಿ ಫೈಟ್ ಸೀನ್‌ನಲ್ಲಿ. ಸೆಲ್ ಹಾಕೋ ಸಣ್ಣ ರೇಡಿಯೋ ಒಂದು ತಗೊಂಡು ಹೋಗಿ, ಆರಾಮಾಗಿ ಕುರ್ಚಿ ಹಾಕ್ಕೊಂಡು ಹೊರಗೆ ಕೂರಬಹುದು. ಕಂಬಕ್ಕೆ ತಗುಲಿಸಿದ ಹಳೇ ಕಾಲದ ಸ್ಪೀಕರ್ ನೋಡೋ ಆಸೆ ಇದ್ರೆ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್‌ನಲ್ಲಿರೋ ವೆಲ್‌ಫ್ಲೀಟ್ ಡ್ರೈವ್-ಇನ್‌ಗೆ ಹೋಗಿ, 1957ರದ್ದು. ಕಿಟಕಿ ಗಾಜು ಸ್ವಲ್ಪ ಮೇಲಕ್ಕೆ ಬಿಟ್ಕೊಂಡು ಸ್ಪೀಕರ್‌ನ ಕೊಕ್ಕೆ ಅದರ ಅಂಚಿಗೆ ಸಿಗಿಸ್ಬೇಕು. ಸಿನಿಮಾ ಮುಗಿದ್ಮೇಲೆ ಮರೀದೆ ತೆಗ್ದು ಕಂಬಕ್ಕೆ ಹಾಕಿ, ವೈರ್ ಸಮೇತ ಕಿತ್ಕೊಂಡು ಹೊರಟುಹೋಗೋರು ಆ ಕಾಲದಲ್ಲೂ ಬೇಕಾದಷ್ಟು ಜನ ಇದ್ರು.

ಊಟ. ನಮ್ಮೋರು ಚಿತ್ರಾನ್ನ, ಕೋಡುಬಳೆ, ಮೊಸರನ್ನದ ಡಬ್ಬಿ ಇಲ್ದೆ ಹೊರಡಲ್ಲ, ತಪ್ಪಿಲ್ಲ, ಆದ್ರೆ ಕೆಲವು ಕಡೆ ಹೊರಗಿನ ತಿಂಡಿಗೆ ಪರ್ಮಿಟ್ ಅಂತ ದುಡ್ಡು ಕಟ್ಬೇಕು, ಕಟ್ಟಿ. ಹೊಸ ಸಿನಿಮಾದ ಟಿಕೆಟ್ ದುಡ್ಡಲ್ಲಿ ದೊಡ್ಡ ಪಾಲು ಸಿನಿಮಾ ಕಂಪನಿಗೇ ಹೋಗತ್ತೆ, ಓನರ್ ಬದುಕೋದು ಪಾಪ್‌ಕಾರ್ನ್ ಮೇಲೆ. 2013ರ ಹೊತ್ತಿಗೆ ರೀಲು ಹೋಗಿ ಎಲ್ಲ ಡಿಜಿಟಲ್ ಆದಾಗ ಒಂದೊಂದು ಪರದೆಗೂ ಹೊಸ ಪ್ರೊಜೆಕ್ಟರ್‌ಗೆ 70 ಸಾವಿರ ಡಾಲರ್ ಆಸುಪಾಸು ಹಾಕ್ಬೇಕಾಯ್ತು, ಆಗ್ದೇ ಇದ್ದೋರು ಬಾಗಿಲು ಹಾಕಿದ್ರು. ಅದಕ್ಕೇ ಡಬ್ಬಿ ತಂದಿದ್ರೂ ಒಂದು ದೊಡ್ಡ ಪಾಪ್‌ಕಾರ್ನ್, ಎರಡು ಫ್ರೈಸ್ ಅಲ್ಲೇ ತಗೊಳ್ಳಿ. ಅಂದಹಾಗೆ ಬೆಂಗಳೂರಿನ ಏರ್‌ಲೈನ್ಸ್ ಹೋಟೆಲ್ ಥರ ಕಾರಿನ ಹತ್ರಾನೇ ದೋಸೆ ಬರತ್ತೆ ಅಂತ ಅಪ್ಪ ಕಾಯ್ತಾ ಕೂರಬಹುದು, ಇಲ್ಲಿ ನಾವೇ ಎದ್ದು ಸ್ಟಾಲ್‌ಗೆ ಹೋಗ್ಬೇಕು.

ಕಂಬಳಿ, ಸೊಳ್ಳೆಗೆ ಏನಾದ್ರೂ, ಅಮ್ಮನಿಗೆ ಸ್ವೆಟರ್. ಜುಲೈನಲ್ಲೂ ಹನ್ನೊಂದರ ಮೇಲೆ ಇಬ್ಬನಿ ಬೀಳತ್ತೆ, ಒಳಗೇ ಕೂತ್ರೆ ಗಾಜು ಮಂಜಾಗತ್ತೆ, ಒರೆಸೋಕೆ ಹಳೇ ಟವಲ್.

ಇಂಟರ್ವಲ್‌ನಲ್ಲಿ ಒಂದು ಕೆಲಸ ಮಾಡಿ. ಬಯಲಲ್ಲಿ ಅಷ್ಟು ದೊಡ್ಡ ಪರದೆ ನೋಡಿದ್ರೆ ನಮ್ಮ ಹಿರಿಯರಿಗೆ ಟೆಂಟ್ ಸಿನಿಮಾ ನೆನಪಾಗದೆ ಇರಲ್ಲ, ನೆಲ ಬೆಂಚು ಕುರ್ಚಿ ಅಂತ ಬೇರೆಬೇರೆ ರೇಟು, ಮೈಕಲ್ಲಿ ದೇವರ ಹಾಡು ಕೇಳಿಸ್ತು ಅಂದ್ರೆ ಟಿಕೆಟ್ ಕೊಡ್ತಿದಾರೆ ಓಡು ಅಂತ. ಫೋನಲ್ಲಿ ರೆಕಾರ್ಡ್ ಆನ್ ಮಾಡಿಟ್ಟು ಮಾತಾಡ್ಸಿ. ಹೇಗಿತ್ತು ಅಂತ ಕೇಳಿದ್ರೆ ಚೆನ್ನಾಗಿತ್ತು ಅಂದು ಸುಮ್ನಾಗ್ತಾರೆ, ಯಾರ ಜೊತೆ ಹೋಗ್ತಿದ್ರಿ, ವಾಪಸ್ ಬರ್ತಾ ದಾರೀಲಿ ಲೈಟ್ ಇತ್ತಾ, ಮಳೆ ಬಂದ್ರೆ ದುಡ್ಡು ವಾಪಸ್ ಕೊಡ್ತಿದ್ರಾ ಅಂತ ಕೇಳಿ, ಆಗ ಬಾಯಿ ಬಿಡ್ತಾರೆ. ನಿಮ್ಮ ಪಕ್ಕದ ಮನೆ ಅಮೆರಿಕನ್ ಅಜ್ಜ ಅಜ್ಜಿಗೂ ಇದೇ ಪ್ರಶ್ನೆ ಕೇಳಬಹುದು, ಡಿಕ್ಕಿ ಒಳಗೆ ಫ್ರೆಂಡ್ಸ್‌ನ ಬಚ್ಚಿಟ್ಕೊಂಡು ಟಿಕೆಟ್ ಇಲ್ದೆ ಒಳಗೆ ಹೋಗಿದ್ದು ಹೇಳ್ದೇ ಇರೋರು ಕಮ್ಮಿ.

ಮುಚ್ಚಿಹೋಗಿರೋದನ್ನ ಹುಡುಕೋ ಹುಚ್ಚು ಇದ್ರೆ ಮನೇಲಿ ಕೂತೇ ಶುರು ಮಾಡಿ. ಗೂಗಲ್ ಮ್ಯಾಪ್‌ನಲ್ಲಿ ಸ್ಯಾಟಲೈಟ್ ಹಾಕಿ ಊರಾಚೆ ಹಳೇ ಹೈವೇ ಉದ್ದಕ್ಕೆ ನೋಡ್ತಾ ಹೋಗಿ, ಪರದೆ ಬಿದ್ದು ಎಷ್ಟೋ ವರ್ಷ ಆಗಿದ್ರೂ ಹುಲ್ಲಿನ ಕೆಳಗಿಂದ ಆ ಬಾಗಿದ ದಿಬ್ಬಗಳ ಗೆರೆ ಕೆಲವು ಕಡೆ ಇನ್ನೂ ಕಾಣತ್ತೆ. ಹೆಸರು ಗೊತ್ತಾಗ್ಲಿಲ್ಲ ಅಂದ್ರೆ ಡ್ರೈವ್-ಇನ್ ರೋಡ್ ಅಂತ ಬೀದಿ ಏನಾದ್ರೂ ಇದ್ಯಾ ನೋಡಿ, ಆಮೇಲೆ ಆ ಊರಿನ ಲೈಬ್ರರಿಗೆ ಹೋಗಿ 1950, 60ರ ದಶಕದ ಲೋಕಲ್ ಪೇಪರ್‌ಗಳನ್ನ ಕೇಳಿ, ಸಿನಿಮಾ ಜಾಹೀರಾತಿನ ಪುಟದಲ್ಲಿ ಹೆಸರು, ಟಿಕೆಟ್ ರೇಟು ಎಲ್ಲ ಸಿಗೋ ಚಾನ್ಸ್ ಇದೆ. ಜಾಗ ನೋಡೋಕೆ ಹೋದ್ರೆ ಬೇಲಿ ದಾಟ್ಬೇಡಿ, ಖಾಸಗಿ ಜಮೀನು, ರಸ್ತೆಯಿಂದಾನೇ ಫೋಟೋ ತೆಗೀರಿ. ಕಾಲದಲ್ಲಿ ಹಿಂದಕ್ಕೆ ಹೋಗಿ ನೋಡ್ಬೇಕು ಅಂದ್ರೆ ಜಾನ್ ಮಾರ್ಗೋಲಿಸ್ ಅನ್ನೋರು ದಶಕಗಳ ಕಾಲ ಅಮೆರಿಕ ಪೂರ್ತಿ ಸುತ್ತಿ ರಸ್ತೆ ಬದಿಯ ಕಟ್ಟಡಗಳನ್ನ ಕಲರ್‌ನಲ್ಲಿ ತೆಗೆದಿಟ್ಟಿದ್ದಾರೆ, ಅದ್ರಲ್ಲಿ ಡ್ರೈವ್-ಇನ್‌ಗಳು ತುಂಬ ಇವೆ, ಲೈಬ್ರರಿ ಆಫ್ ಕಾಂಗ್ರೆಸ್ ವೆಬ್‌ಸೈಟಲ್ಲಿ ಫ್ರೀ ಆಗಿ ಡೌನ್‌ಲೋಡ್ ಮಾಡ್ಕೋಬಹುದು, ಅವರ ಹೆಸರಿನ ಜೊತೆ ನಿಮ್ಮ ರಾಜ್ಯದ ಹೆಸರು ಹಾಕಿ ಹುಡುಕಿ.