ಪಾಲುದಾರಿಕೆ ಪತ್ರ ಬರೆಸುವಾಗ ಬೇರೆಯಾಗುವ ಮಾತೂ ಇರಲಿ

ಇಬ್ಬರು ಸ್ನೇಹಿತರು ಸೇರಿ ಬೇಕರಿ ಹಾಕುತ್ತಾರೆ, ಇಲ್ಲವೇ ಷಡ್ಡಕರು ಸೇರಿ ಹಾರ್ಡ್‌ವೇರ್ ಅಂಗಡಿ ತೆರೆಯುತ್ತಾರೆ. ಜಾಗ, ಬೋರ್ಡು, ಮೆಷಿನ್ನು ಅಂತ ತಿಂಗಳುಗಟ್ಟಲೆ ಓಡಾಡುತ್ತಾರೆ. ಪಾಲುದಾರಿಕೆ ಪತ್ರವನ್ನು ಮಾತ್ರ ಬ್ಯಾಂಕಿನವರು ಕೇಳಿದ ದಿನ ಟೈಪಿಂಗ್ ಅಂಗಡಿಗೆ ಹೋಗಿ, ಯಾರದೋ ಹಳೇ ಪತ್ರದಲ್ಲಿ ಹೆಸರು ಬದಲಾಯಿಸಿಕೊಂಡು ತರುತ್ತಾರೆ. ಅಂಥ ಪತ್ರ ಹಿಡಿದುಕೊಂಡು ಜಗಳಕ್ಕೆ ಕೂತವರನ್ನು ತುಂಬಾ ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

1. ವಕೀಲರ ಹತ್ತಿರ ಹೋಗುವ ಮೊದಲು ನೀವೇ ಕೂತು ಮಾತಾಡಿ. ಯಾರು ಎಷ್ಟು ದುಡ್ಡು ಹಾಕುತ್ತೀರಿ, ಅಂಗಡಿಯಲ್ಲಿ ಯಾರು ಕೂರುತ್ತೀರಿ, ಸಂಬಳ ಉಂಟಾ, ಚೆಕ್ಕಿಗೆ ಯಾರ ಸಹಿ, ಎಲ್ಲವನ್ನೂ ಬಿಳಿ ಹಾಳೆಯಲ್ಲಿ ಬರೆದುಕೊಳ್ಳಿ. ನೀವು ಬರೆಯದೆ ಬಿಟ್ಟ ಜಾಗವನ್ನು 1932ರ ಭಾರತೀಯ ಪಾಲುದಾರಿಕೆ ಕಾಯ್ದೆ ತಾನೇ ತುಂಬುತ್ತದೆ. ಆಗ ಎಂಟು ಲಕ್ಷ ಹಾಕಿದವರಿಗೂ ಎರಡು ಲಕ್ಷ ಹಾಕಿದವರಿಗೂ ಲಾಭ ನಷ್ಟ ಎರಡರಲ್ಲೂ ಸಮಪಾಲು. ಬೆಳಗ್ಗೆ ಆರಕ್ಕೆ ಬಾಗಿಲು ತೆಗೆದು ರಾತ್ರಿವರೆಗೆ ದುಡಿದವರಿಗೆ ಸಂಬಳವೂ ಇಲ್ಲ. ಮಧ್ಯದಲ್ಲಿ ಕೈಯಿಂದ ಹಾಕುವ ದುಡ್ಡು ಬಂಡವಾಳವೋ ಸಾಲವೋ ಅನ್ನುವುದನ್ನೂ ಬರೆಸಿ.

ಸಹಿ ಹಾಕುವ ಮುಂಚೆ ಕರಡನ್ನು ಆಡಿಟರಿಗೆ ತೋರಿಸಿ. ಪಾಲುದಾರರ ಸಂಬಳ, ಬಂಡವಾಳದ ಮೇಲಿನ ಬಡ್ಡಿ ಪತ್ರದಲ್ಲಿ ಇಲ್ಲದಿದ್ದರೆ ಆದಾಯ ತೆರಿಗೆಯಲ್ಲಿ ಅದನ್ನು ಖರ್ಚು ಅಂತ ತೋರಿಸಲು ಬರುವುದಿಲ್ಲ. ಇದ್ದರೂ ಬಡ್ಡಿಗೆ ವರ್ಷಕ್ಕೆ ಶೇ 12ರ ಮಿತಿ ಇದೆ. 2025ರ ಏಪ್ರಿಲ್‌ನಿಂದ ಒಬ್ಬ ಪಾಲುದಾರರಿಗೆ ಕೊಡುವ ಸಂಬಳ, ಬಡ್ಡಿ ಎಲ್ಲಾ ಸೇರಿ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ 10 ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಂಡು ಸರ್ಕಾರಕ್ಕೆ ಕಟ್ಟುವ ತೆರಿಗೆ) ಕೂಡ ಹಿಡಿಯಬೇಕು.

2. ಪತ್ರದ ಇ-ಸ್ಟ್ಯಾಂಪ್ ಸಹಿ ಹಾಕುವ ದಿನದ ದರಕ್ಕೇ ತೆಗೆಸಿ. ಹಳೇ ಪತ್ರ ನೋಡಿ ಕಡಿಮೆ ಕಟ್ಟಿದರೆ, ನಾಳೆ ಕೋರ್ಟಿನಲ್ಲಿ ಬಾಕಿ ಶುಲ್ಕದ ಜೊತೆ ಹತ್ತು ಪಟ್ಟು ದಂಡ ಕಟ್ಟಬೇಕಾಗಬಹುದು.

3. ಎಲ್ಲರೂ ಎಡವುವುದು ಇಲ್ಲಿ. ಒಬ್ಬರು ಬಿಟ್ಟು ಹೋದರೆ ಏನು? ಶುಭ ಕೆಲಸ ಶುರು ಮಾಡುವಾಗ ಈ ಮಾತೆಲ್ಲ ಯಾಕೆ ಅಂತ ಸುಮ್ಮನಾಗುತ್ತಾರೆ. ಟೈಪಿಂಗ್ ಅಂಗಡಿಯ ಪತ್ರದಲ್ಲಿ ಇದಕ್ಕೆ ಒಂದೇ ಸಾಲು ಇರುತ್ತದೆ: 'ಲೆಕ್ಕವನ್ನು ಪರಸ್ಪರ ಒಪ್ಪಿಗೆಯಿಂದ ಇತ್ಯರ್ಥ ಮಾಡಿಕೊಳ್ಳತಕ್ಕದ್ದು.' ಒಪ್ಪಿಗೆ ಇದ್ದಿದ್ದರೆ ಯಾರಾದರೂ ಬಿಟ್ಟು ಹೋಗುತ್ತಿದ್ದರಾ? ಆ ಸಾಲನ್ನು ಹೊಡೆದುಹಾಕಿಸಿ.

ಅದರ ಬದಲು ಮೊದಲು ನೋಟಿಸ್ ಅವಧಿ ಬರೆಸಿ. ಪತ್ರದಲ್ಲಿ ಅವಧಿಯೂ ಇಲ್ಲ, ಮುಗಿಸುವ ಬಗೆಯೂ ಇಲ್ಲ ಅಂದರೆ ಯಾರು ಬೇಕಾದರೂ ಒಂದು ಲಿಖಿತ ನೋಟಿಸ್ ಕೊಟ್ಟು ಇಡೀ ಪಾಲುದಾರಿಕೆಯನ್ನೇ ಮುಗಿಸಬಹುದು. ಆರು ತಿಂಗಳಾದರೂ ಇಡಿ.

ಆಮೇಲೆ ಬೆಲೆ ಕಟ್ಟುವ ಬಗೆ. ಯಾವ ದಿನದ ಲೆಕ್ಕ, ಯಾರು ಹಾಕಬೇಕು, ಸರಕನ್ನು ಕೊಂಡ ಬೆಲೆಗೋ ಮಾರುವ ಬೆಲೆಗೋ? ಓವನ್ನಿನ ಬೆಲೆ ಸವಕಳಿ ಕಳೆದು ಪುಸ್ತಕದಲ್ಲಿ ಒಂದು ಲಕ್ಷ ಇರುತ್ತದೆ, ಹೊರಗೆ ಮಾರಿದರೆ ಮೂರು ಲಕ್ಷ ಬರುತ್ತದೆ. ಯಾವುದನ್ನು ಹಿಡಿಯುತ್ತೀರಿ? ಉದ್ರಿ ಪುಸ್ತಕದಲ್ಲಿರುವ ಬಾಕಿಯೆಲ್ಲ ವಸೂಲಾಗುತ್ತದೆ ಅಂತ ಎಣಿಸುತ್ತೀರಾ, ವರ್ಷ ದಾಟಿದ್ದನ್ನು ಬಿಡುತ್ತೀರಾ? ಅಂಗಡಿಯ ಅಡ್ವಾನ್ಸ್ ಯಾರ ಹೆಸರಿನಲ್ಲಿದೆ? ಅಂಗಡಿಯ ಹೆಸರಿಗೂ ಬೆಲೆ ಉಂಟು, ಅದನ್ನೂ ಬಿಡಬೇಡಿ. ಸಣ್ಣ ವ್ಯಾಪಾರಕ್ಕೆ ಹಿಂದಿನ ಮೂರು ವರ್ಷದ ನಿವ್ವಳ ಲಾಭದ ಸರಾಸರಿಯನ್ನೇ ಗುಡ್‌ವಿಲ್ ಅಂತ ಇಡುವುದು ಸಾಕು ಅನ್ನುವುದು ನನ್ನ ಅಭಿಪ್ರಾಯ. ಲಾಭ 4, 5, 6 ಲಕ್ಷ ಇದ್ದರೆ ಗುಡ್‌ವಿಲ್ 5 ಲಕ್ಷ, ಅದರಲ್ಲಿ ಅವರವರ ಪಾಲು. ಈ ಉದಾಹರಣೆಯನ್ನೂ ಪತ್ರದೊಳಗೇ ಸೇರಿಸಿ, ಆಮೇಲೆ ಯಾರೂ ಬೇರೆ ಅರ್ಥ ಹೇಳಲಾರರು.

ದುಡ್ಡು ಕೊಡುವ ಗಡುವೂ ಬೇಕು. ಕಾಲು ಭಾಗ ಕೂಡಲೇ, ಉಳಿದದ್ದು ಹನ್ನೆರಡು ತಿಂಗಳ ಕಂತು ಅಂದರೆ ಅಂಗಡಿಯೂ ಉಳಿಯುತ್ತದೆ. ಬೇರೆ ಒಪ್ಪಂದ ಇಲ್ಲದೆ, ಲೆಕ್ಕ ಚುಕ್ತಾ ಮಾಡದೆ ಉಳಿದವರು ವ್ಯಾಪಾರ ಮುಂದುವರಿಸಿದರೆ, ಹೊರಹೋದವರು ತಮ್ಮ ಪಾಲಿನ ಮೇಲೆ ವರ್ಷಕ್ಕೆ ಶೇ 6 ಬಡ್ಡಿಯನ್ನೋ, ಆ ಪಾಲಿನಿಂದ ಬಂದ ಲಾಭವನ್ನೋ ಕೇಳಬಹುದು, ಆಯ್ಕೆ ಅವರದೇ.

ಸಾವಿನ ಮಾತು ಕಷ್ಟದ್ದು, ಆದರೂ ಬರೆಸಲೇಬೇಕು. ಬರೀ ಇಬ್ಬರೇ ಇರುವ ಪಾಲುದಾರಿಕೆಯಲ್ಲಿ ಒಬ್ಬರು ತೀರಿಕೊಂಡರೆ ಅದು ಅಲ್ಲಿಗೇ ಮುಗಿಯುತ್ತದೆ. 'ಮುಂದುವರಿಯತಕ್ಕದ್ದು' ಅಂತ ಬರೆಸಿದರೂ ಒಬ್ಬರೇ ಪಾಲುದಾರಿಕೆ ನಡೆಸಲು ಆಗುವುದಿಲ್ಲ, ಅಲ್ವಾ? ಅದಕ್ಕೆ, ಉಳಿದವರು ವ್ಯಾಪಾರವನ್ನು ವಹಿಸಿಕೊಂಡು ಮೇಲಿನ ಲೆಕ್ಕದಂತೆಯೇ ತೀರಿಕೊಂಡವರ ಮನೆಯವರಿಗೆ ಇಷ್ಟು ತಿಂಗಳೊಳಗೆ ದುಡ್ಡು ಕೊಡಬೇಕು ಅಂತ ಸ್ಪಷ್ಟವಾಗಿ ಇರಲಿ. ಗಂಡ ತೀರಿಕೊಂಡ ಮೇಲೆ ಆ ಹೆಣ್ಣುಮಗಳು ಪಾಲಿಗಾಗಿ ಅಂಗಡಿ ಬಾಗಿಲಿಗೆ ಅಲೆಯುವ ಹಾಗೆ ಆಗಬಾರದು.

ಒಬ್ಬರನ್ನು ಹೊರಹಾಕುವ ಅಧಿಕಾರವೂ ಪತ್ರದಲ್ಲಿ ಇದ್ದರೆ ಮಾತ್ರ ಉಂಟು. ಇದ್ದರೂ ಅದನ್ನು ಪ್ರಾಮಾಣಿಕವಾಗಿ ಬಳಸಬೇಕು.

4. ನೋಂದಣಿ. ನೋಟರಿ ಸೀಲು ಬಿದ್ದರೆ ನೋಂದಣಿ ಆಯಿತು ಅಂತ ಎಷ್ಟೋ ಜನ ನಂಬಿದ್ದಾರೆ. ಆಗಿಲ್ಲ. ಪ್ಯಾನ್ ಬಂದರೂ ಆಗಿಲ್ಲ, ಜಿಎಸ್‌ಟಿ ನಂಬರ್ ಬಂದರೂ ಆಗಿಲ್ಲ. ನಮ್ಮಲ್ಲಿ ಇದನ್ನು ಮಾಡುವುದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿ. ಅರ್ಜಿಗೆ ಎಲ್ಲಾ ಪಾಲುದಾರರೂ ಸಹಿ ಹಾಕಬೇಕು.

ನೋಂದಣಿ ಕಡ್ಡಾಯ ಅಲ್ಲ ಅಂತ ಟೈಪಿಂಗ್ ಅಂಗಡಿಯವರು ಹೇಳುವುದು ಸರಿಯೇ. ಆದರೆ ನೋಂದಣಿ ಆಗದ ಸಂಸ್ಥೆ, ಸಾಲಕ್ಕೆ ಮಾಲು ಒಯ್ದು ದುಡ್ಡು ಕೊಡದವರ ಮೇಲೆ ಒಪ್ಪಂದದ ಆಧಾರದಲ್ಲಿ ದಾವೆ ಹಾಕುವಂತಿಲ್ಲ. ಅವರು ಮಾತ್ರ ನಿಮ್ಮ ಮೇಲೆ ಹಾಕಬಹುದು. ಪಾಲುದಾರರೊಳಗೂ ಅಷ್ಟೇ: ಪಾಲುದಾರಿಕೆ ಮುಗಿಸಿ ಲೆಕ್ಕ ಕೊಡಿ ಅಂತ ಕೇಳಬಹುದು, ನಡೆಯುತ್ತಿರುವಾಗ ಪತ್ರದ ಪ್ರಕಾರ ನನ್ನ ಹಕ್ಕು ಕೊಡಿ ಅಂತ ದಾವೆ ಹೂಡಲು ಬರುವುದಿಲ್ಲ. ದಾವೆ ಹಾಕಿದ ಮೇಲೆ ನೋಂದಣಿ ಮಾಡಿಸಿದರೂ ಆ ದಾವೆ ಊರ್ಜಿತವಾಗುವುದಿಲ್ಲ. ಪತ್ರಕ್ಕೆ ಸಹಿ ಹಾಕಿದ ವಾರದಲ್ಲೇ ಮುಗಿಸಿಕೊಳ್ಳಿ.

5. ಮುಂದೆ ನೀವೇ ಹೊರಬರುವುದಾದರೆ, ಬಿಡುಗಡೆ ಪತ್ರ ಬರೆಸಿ ಮನೆಗೆ ಹೋದರೆ ಮುಗಿಯಲಿಲ್ಲ. ಸಾರ್ವಜನಿಕ ಪ್ರಕಟಣೆ ಆಗುವವರೆಗೆ ಉಳಿದವರು ಮಾಡುವ ಸಾಲಕ್ಕೆ ನೀವೂ ಹೊಣೆ. ನೋಂದಾಯಿತ ಸಂಸ್ಥೆಯಾದರೆ ನೋಂದಣಾಧಿಕಾರಿಗೆ ತಿಳಿಸಬೇಕು, ರಾಜ್ಯಪತ್ರದಲ್ಲಿ ಹಾಕಿಸಬೇಕು, ನಿಮ್ಮ ಜಿಲ್ಲೆಯಲ್ಲಿ ಓಡಾಡುವ ಒಂದು ಕನ್ನಡ ಪತ್ರಿಕೆಯಲ್ಲೂ ಬರಬೇಕು. ಇದನ್ನು ಹೊರಹೋಗುವವರೇ ಮಾಡಬಹುದು, ಉಳಿದವರು ಮಾಡಲಿ ಅಂತ ಕಾಯಬೇಡಿ. ಬ್ಯಾಂಕ್ ಸಾಲಕ್ಕೆ ನೀವು ವೈಯಕ್ತಿಕ ಜಾಮೀನು ಹಾಕಿದ್ದರೆ ಪೇಪರ್ ಪ್ರಕಟಣೆಯಿಂದ ಅದು ಹೋಗುವುದಿಲ್ಲ. ಜಾಮೀನಿನಿಂದ ಬಿಟ್ಟಿದ್ದೇವೆ ಅಂತ ಬ್ಯಾಂಕಿನಿಂದಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಆ ಪತ್ರ ಕೈಗೆ ಬರುವ ತನಕ ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಡಿ.